ಮೈಗೆ ಹತ್ತುವ ಹೊತ್ತು

ಬೆಳಗಿನ ಏಳೂಕಾಲು. ಮಾಸ್ಟ್ರಿಕ್ಟಿನ ಆಸ್ಪತ್ರೆ, ನಾಲ್ಕನೇ ಮಹಡಿ.
ನಿನ್ನೆ ರಾತ್ರಿಯಿಂದ ಬರಿಹೊಟ್ಟೆಯಲ್ಲಿದ್ದಾರೆ
ವೀಲ್ ಕ್ರೋಂಬಾಖ್.
ಎಂಬತ್ತಮೂರರ ತೊಡೆಗೆ ಅಯೋಡಿನ್ ಬಳಿಯುತ್ತೇನೆ.
"ಈ ಕಾಲು ಒಂದು ಕಾಲಕ್ಕೆ..."
ಅಂದವರು ಮುಂದೆ ಹೇಳುವುದಿಲ್ಲ.

ಹದಿನೈದಕ್ಕೇ ಕಲ್ಲಿದ್ದಲ ಗಣಿಗಿಳಿದವರು.
ಗಣಿ ಮುಚ್ಚಿತು. ಊರ ಬ್ಯಾಂಡಿನ ಟ್ಯೂಬಾ ಉಳಿಯಿತು,
ಹತ್ತು ಕಿಲೋ ಹಿತ್ತಾಳೆ, ನಲವತ್ತು ವರ್ಷ ಹೆಗಲ ಮೇಲೆ.
ಹೋದ ಚಳಿಗಾಲ ನ್ಯುಮೋನಿಯಾ, ಹನ್ನೊಂದು ದಿನ ಹಾಸಿಗೆ;
ಎದ್ದು ನೋಡಿದರೆ
ಟ್ಯೂಬಾ ಏಳುತ್ತಿಲ್ಲ.
"ಉಣ್ಣುತ್ತೇನಮ್ಮ. ಉಂಡದ್ದು ಮೈಗೆ ಹತ್ತುತ್ತಿಲ್ಲ."

ಲೋಟ ಕೊಡುತ್ತೇನೆ. ಹಾಲಿನ ಸಾರ, ಅಡಿಯಲ್ಲಿ ಲ್ಯೂಸಿನ್ನಿನ ಕಹಿ.
ಮುಖ ಕಿವುಚಿ ಕುಡಿದು ಕೇಳುತ್ತಾರೆ:
ಒಳಗೆ ಏನಾಗುತ್ತದೆ?

ಹೇಗೆ ಹೇಳಲಿ.
ಜೀವಕೋಶದಲ್ಲೊಂದು ತಿಪ್ಪೆಯಿದೆ, ಹಳತೆಲ್ಲ ಕೊಳೆತು ಕರಗುವ ಜಾಗ.
'ಬೆಳೆ' ಎಂಬ ಅಪ್ಪಣೆ ಹೊರಡುವುದು ಅರಮನೆಯಿಂದಲ್ಲ,
ಆ ತಿಪ್ಪೆಯ ಅಂಚಿನಿಂದ.
ಅಪ್ಪಣೆ ಕೊಡುವವನು ಅಲ್ಲಿಗೆ ಬಾರದಂತೆ
ಕಾವಲಿನವನೊಬ್ಬ ತಡೆಹಿಡಿದು ನಿಂತಿದ್ದಾನೆ.
ಕಲ್ಲು ಗಾರೆ ಇಲ್ಲದಾಗ ಯಾರೂ ಗೋಡೆ ಎಬ್ಬಿಸಬಾರದಲ್ಲ.
ಲ್ಯೂಸಿನ್ ಬಂದು ಅವನ ಅಂಗೈಯಲ್ಲಿ ಕೂರುತ್ತದೆ.
ಅಷ್ಟೇ.
ಮುಷ್ಟಿ ಸಡಿಲುತ್ತದೆ.

"ಗಂಟೆ ಬಾರಿಸಿದ ಹಾಗೆ" ಎನ್ನುತ್ತೇನೆ ಕೊನೆಗೆ.
ಕಣ್ಣು ಬೆಳಗುತ್ತದೆ. ಗಣಿಯ ಪಂಜರಕ್ಕೂ ಗಂಟೆಯಿತ್ತಂತೆ.
ಮಂಚದ ಸರಳಿನ ಮೇಲೆ ಬೆರಳ ಗೆಣ್ಣು:
ಒಂದು ಹೊಡೆತ, ನಿಲ್ಲು.
ಎರಡು, ಇಳಿಸು.
ಮೂರು, ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ.
"ಈಗ ನನಗೆ ಕಿವಿ ಮಂದ."

ತೊಡೆಗೂ ಹಾಗೇ ಅಜ್ಜ. ಇಪ್ಪತ್ತರ ತೊಡೆಗೆ ಪಿಸುಮಾತು ಸಾಕು,
ನಿಮ್ಮದಕ್ಕೆ ಗಟ್ಟಿಯಾಗಿ ಬಾರಿಸಬೇಕು.
ಊಟಕ್ಕೆ ಮುಂಚೆ ನಾಲ್ಕು ಮೆಟ್ಟಿಲು ಹತ್ತಿದರೆ
ಇನ್ನೂ ಚೆನ್ನಾಗಿ ಕೇಳಿಸೀತು.

ಮೂರು ತಾಸು ಕಳೆದು ಸೂಜಿ.
ಗೋಧಿಕಾಳಿನಷ್ಟು ಮಾಂಸ, ದ್ರವ ಸಾರಜನಕದಲ್ಲಿ
ಚುಂಯ್ ಎಂದು ಮುಳುಗುತ್ತದೆ.
"ಬಾರಿಸಿತಾ?"

ಗೊತ್ತಿಲ್ಲ. ಲೋಟದಲ್ಲಿ ಎಷ್ಟಿತ್ತೆಂದು ನನ್ನಿಂದಲೂ ಮುಚ್ಚಿಟ್ಟಿದ್ದಾರೆ.
ಲೋಟದ ಮೇಲೆ ಬರೀ ನಂಬರು: ಇಪ್ಪತ್ತೇಳು.
"ಮೇಲೆ ಗಂಟೆ ಹೊಡೆಯುವವನ ಮುಖ ನಾನೂ ಕಂಡವನಲ್ಲ,
ಇಪ್ಪತ್ತನಾಲ್ಕು ವರ್ಷ.
ಪಂಜರ ಮಾತ್ರ ಏಳುತ್ತಿತ್ತು."

ಪಟ್ಟಿಯ ಮೇಲೆ ಕೈಯಿಟ್ಟು ಕಾಲು ಕೆಳಗಿಡುತ್ತಾರೆ.
ಲಿಫ್ಟಿನ ಬಾಗಿಲು ತೆರೆದೇ ಇದೆ.
ಮೆಟ್ಟಿಲು ಯಾವ ಕಡೆ ಎಂದು ಕೇಳುತ್ತಾರೆ.