ಎರಡನೇ ಗುಂಪು

ಶಿವಮೊಗ್ಗ. ಮೂರನೇ ಮಹಡಿ, ಮೂತ್ರರೋಗಗಳ ವಾರ್ಡು.
ನನ್ನ ಪ್ರಾಜೆಕ್ಟಿಗೆ ಮೂವತ್ತು ಜನ, ಎರಡು ಗುಂಪು.

ಮೊದಲನೆಯವರಿಗೆ ಹಿಂದಿನ ದಿನವೇ
ಕೊಳವೆ ಕೈಗೆ ಕೊಟ್ಟು ತೋರಿಸುವುದು:
ಇದು ಇಲ್ಲಿಂದ ಹೋಗುತ್ತದೆ, ಚೀಲ ಇಲ್ಲಿ ತೂಗುತ್ತದೆ,
ಮೊದಲು ಕೆಂಪು ಬರುತ್ತದೆ, ಹೆದರಬೇಡಿ.
ಭದ್ರಾವತಿಯ ಮುನಾಫ್ ಸಾಬರು ಕೊಳವೆ ಹಿಚುಕಿ ನೋಡಿ
"ಫಿಟ್ಟಿಂಗ್ ಪರವಾಗಿಲ್ಲ" ಅಂದರು.
ಕಾರ್ಖಾನೆಯಲ್ಲಿ ಪೈಪು ಜೋಡಿಸಿದ ಕೈ.

ಎರಡನೆಯವರಿಗೆ ಎಂದಿನಂತೆ.
ಎಂದಿನಂತೆ ಅಂದರೆ ಬಿಪಿ, ಸಹಿ, "ಮಲಕ್ಕೊ ಅಜ್ಜ."

ರಾತ್ರಿ ಎರಡೂವರೆ. ಒಂಬತ್ತನೇ ಹಾಸಿಗೆ.
ಶಿಕಾರಿಪುರದ ಹುಚ್ಚರಾಯಪ್ಪ
ಚೀಲಕ್ಕೆ ಟವೆಲು ಹೊದಿಸಿದ್ದಾರೆ,
ಕೆಳಗೆ ಚಾಪೆಯಲ್ಲಿ ಮಲಗಿದ ಹೆಂಡತಿ ಕಾಣಬಾರದೆಂದು.
"ಇಷ್ಟು ಕೆಂಪು, ತಂಗಿ...
ಮುಗೀತಾ ನಂದು?"

ಎರಡನೇ ಗುಂಪು.
ಹೇಳಿದರೆ ಲೆಕ್ಕ ಕೆಡುತ್ತದೆ.

ಟವೆಲು ತೆಗೆದೆ. ಸ್ಟೂಲು ಎಳೆದು ಕೂತೆ.
ಇವತ್ತು ಬೀಟ್‌ರೂಟು, ನಾಳೆ ಮುರುಗಲ ಪಾನಕ,
ನಾಳಿದ್ದು ತಿಳಿಸಾರು, ಆಮೇಲೆ ಬರೀ ನೀರು,
ಚೀಲದ ಬಣ್ಣ ಹೀಗೇ ಇಳಿಯುತ್ತೆ, ಅಂದೆ.
"ಊಟಕ್ಕೇ ಕೂರಿಸಿದೆಯಲ್ಲೇ!"
ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು.

ಬೆಳಿಗ್ಗೆ ಮೇಡಂ ಎಣಿಸಿದರು:
ಈ ಗುಂಪಿನಲ್ಲಿ ಹದಿನಾಲ್ಕೇ ಯಾಕೆ?
"ಒಬ್ಬರು ಬಿಟ್ಟುಹೋದರು" ಎಂದು ಬರೆದೆ.

ಒಂಬತ್ತನೇ ಹಾಸಿಗೆಯಲ್ಲಿ
ಗೊರಕೆ.