ಹತ್ತೋ, ಎಪ್ಪತ್ತೋ

ಜ್ಯೂರಿಕ್ಕಿನ ನಡುರಾತ್ರಿಯೆಂದರೆ ನಾರಿನ್ ಊರಿನಲ್ಲಿ
ಬೆಳಗಿನ ಐದು. ಗಡುವು ಅವರದು, ನಿದ್ದೆ ನನ್ನದು.
ಅಡುಗೆಮನೆಯಲ್ಲಿ ಕೋಟು ಹೊದ್ದು ಕೂತಿದ್ದೇನೆ.
'ಈ ಸಂಶೋಧನೆಯೇ ನಿಮಗೇಕೆ?' ಎಂಬುದಕ್ಕೆ
ಎರಡು ಸಾವಿರ ಅಕ್ಷರ,
ಖಾಲಿ ಜಾಗವೂ ಲೆಕ್ಕಕ್ಕುಂಟು.

ಬರೆದೆ: ಉಪಗ್ರಹ ಚಿತ್ರಗಳು, ಪೈಥಾನ್, ಇಂಗ್ಲಿಷಿನಲ್ಲಿ ಏಳು ಅಂಕ.
ಬರೆಯಲಿಲ್ಲ: ಆ ಹಿಮನದಿ ನಮ್ಮ ಶಾಲೆಯ ಕಿಟಕಿಗೆ ಕಾಣುತ್ತಿತ್ತು,
ಈಗ ನೋಡಲು ಛಾವಣಿ ಹತ್ತಬೇಕು.
'ಪಕ್ಕದ ಬೆಟ್ಟ ಓದಲು ಅಷ್ಟು ದೂರ ಹೋಗಬೇಕೆ?'
ಅಪ್ಪ ಕೇಳಿದ.
ಅದರ ಲೆಕ್ಕವೆಲ್ಲ ಅಲ್ಲಿದೆ ಅಪ್ಪ,
ಇಲ್ಲಿರುವುದು ಬರೀ ಮಂಜು.

ಶಿಫಾರಸು ಪತ್ರ ಎರಡು ಬೇಕಿತ್ತು.
'ನೀನೇ ಬರೆದು ತಾ, ಸಹಿ ಹಾಕುತ್ತೇನೆ'
ಎಂದರು ತೊಕ್ತೊಬೆಕ್ ಮೇಷ್ಟ್ರು.
'ಇಂಥ ವಿದ್ಯಾರ್ಥಿನಿ ದಶಕಕ್ಕೊಬ್ಬಳು' ಎಂದು
ನನ್ನನ್ನು ನಾನೇ ಹೊಗಳಿಕೊಳ್ಳುವಷ್ಟರಲ್ಲಿ
ಚಹಾ ಆರಿತು.

ಮಾರ್ಚಿಯಲ್ಲಿ ಸಂದರ್ಶನ. ಪರದೆಯಲ್ಲಿ ಮೂವರು.
ಪ್ರೊಫೆಸರ್ ಉರ್ಸಿನಾ ಒಂದು ಗೆರೆ ತೋರಿಸಿದಳು:
ಎಡದಿಂದ ಇಳಿಯುತ್ತ ಬಂದು, ತೊಂಬತ್ತನಾಲ್ಕರಲ್ಲಿ ತುಂಡಾಗಿ,
ಆಚೆ ಎಲ್ಲೋ ಮತ್ತೆ ಹುಟ್ಟುವ ಗೆರೆ.
'ಈ ನಡುವೆ ಯಾರೂ ಅಳೆದಿಲ್ಲ.'

ಸಂಬಳ ನಿಂತಿತ್ತು ಮೇಡಂ, ಅಳತೆ ನಿಂತಿರಲಿಲ್ಲ.
ಠಾಣೆಗೆ ಬೀಗ ಬಿದ್ದ ಮೇಲೂ ನಮ್ಮ ಬುರುಲತ್ತೆ
ಕುರಿ ಹೊಡೆದುಕೊಂಡು ಹೋದಾಗೆಲ್ಲ ಮೇಲೆ ಹತ್ತಿ,
ಮಂಜಿನಲ್ಲಿ ನೆಟ್ಟ ಕೋಲು ಎಷ್ಟು ಹೊರಬಂತೆಂದು
ಅಳೆದು ಬರುತ್ತಿದ್ದಳು. ಹದಿನೈದು ಬೇಸಿಗೆ.
ಯಾಕತ್ತೆ ಎಂದರೆ,
'ಸಾಕು ಅಂತ ಯಾರೂ ಹೇಳಲಿಲ್ಲವಲ್ಲ.'
ನೋಟ್‌ಬುಕ್ಕು ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ.

ಮೂವರೂ ಒಟ್ಟಿಗೇ ಪರದೆಯತ್ತ ಬಾಗಿದರು.

ಏಪ್ರಿಲಿನಲ್ಲಿ ಕಾಗದ: ವಿಷಾದ.
ನೂರ ಎಂಬತ್ತು ಅರ್ಜಿಗಳು, ಇರುವುದೊಂದೇ ಜಾಗ.
ಕೊನೆಯ ಮೂವರಲ್ಲಿ ನೀವಿದ್ದಿರಿ.
ಅಂದಹಾಗೆ, ಆ ನೋಟ್‌ಬುಕ್ಕಿನ ಪ್ರತಿ
ಕಳಿಸಲಾದೀತೆ?

ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.
ಅತ್ತೆಯೇ ಅಂದಳು, 'ಕಳಿಸು,
ಬಚ್ಚಿಡಲಿಕ್ಕೆ ಅಳೆದದ್ದಲ್ಲ.'

ಫೋನು ಹಿಡಿದು ಒಂದೊಂದೇ ಪುಟ ತೆಗೆದೆ.
ತೊಂಬತ್ತೆಂಟರ ಆಗಸ್ಟಿನಲ್ಲಿ ಬೆರಳು ನಿಂತಿತು.
ಎರಡು ಮೀಟರಿನ ಮೇಲೆ ಹತ್ತೋ, ಎಪ್ಪತ್ತೋ?
ಕೈಗವಸು ತೊಟ್ಟು ಗಾಳಿಯಲ್ಲಿ ಬರೆಯುವವಳಿಗೆ
ಏಳಕ್ಕೆ ನಡುಗೆರೆ ಎಳೆಯುವ ವ್ಯವಧಾನವೆಲ್ಲಿ?

ಅತ್ತೆ ಕನ್ನಡಕ ಹುಡುಕಲಿಲ್ಲ. ಪುಟ ಮುಟ್ಟಿದಳು.
'ಆ ವರ್ಷ ಹೊಳೆ ಸೇತುವೆ ಹೊತ್ತುಕೊಂಡು ಹೋಯಿತು,
ಎಂಟು ಕುರಿ ಹೋದವು. ಎಪ್ಪತ್ತು.'

ಉರ್ಸಿನಾಗೆ ಬರೆದೆ:
ನಲವತ್ತೊಂದು ಪುಟ ಲಗತ್ತಿಸಿದೆ.
ಓದಲು ಬರುವುದು ಇಬ್ಬರಿಗೆ ಮಾತ್ರ.
ಒಬ್ಬಳಿಗೆ ಎಪ್ಪತ್ತೆರಡು ವರ್ಷ.
ಇನ್ನೊಬ್ಬಳ ಅರ್ಜಿ ನಿಮ್ಮಲ್ಲೇ ಇದೆ.

ಉತ್ತರ ಬಂದಿಲ್ಲ.
ಓಸ್ಲೋದ ಗಡುವು ಶುಕ್ರವಾರ;
ಮೇಷ್ಟ್ರ ಪತ್ರ
ಇನ್ನೂ ಬರೆದುಕೊಳ್ಳಬೇಕು.