ಬೀಗದ ಕೈ

ಔಲು ಪಟ್ಟಣದಲ್ಲಿ ಮೂವತ್ತೊಂದು ವರ್ಷ
ಕಾಗದ ಹಂಚಿದವಳು ನಾನು.
ಯಾವ ಬಾಗಿಲ ತಗಡು ಕಿರುಗುಟ್ಟುತ್ತದೆ,
ಯಾವ ನಾಯಿ ಬೆರಳಿಗೇ ಬಾಯಿ ಹಾಕುತ್ತದೆ,
ಯಾರಿಗೆ ಕೋರ್ಟಿನ ಲಕೋಟೆ, ಯಾರಿಗೆ ಬರೀ ಜಾಹೀರಾತು,
ಕಣ್ಣು ಮುಚ್ಚಿ ಹೇಳಬಲ್ಲೆ.

ತುಯಿರಾದ ಹದಿನಾಲ್ಕನೇ ನಂಬರಿನ ಕಟ್ಟಡದಲ್ಲಿ
ಮೆಟ್ಟಿಲ ಕೆಳಗೆ, ಬಿಸಿನೀರ ಕೊಳವೆಯ ಪಕ್ಕ
ಎರಡು ಕಾಲು ಮಲಗಿರುತ್ತಿದ್ದವು.
ಕಾಲು ಅಂತಲೇ ಹೇಳುತ್ತೇನೆ, ಮುಖ ನೋಡಿರಲಿಲ್ಲ.
ಎಡಗಾಲ ಬೂಟಿಗೆ ಲೇಸಿನ ಬದಲು ನೀಲಿ ವೈರು.
ಎರಡು ಚಳಿಗಾಲ ದಾಟಿಕೊಂಡು ಹೋದೆ,
ತುಳಿಯದಂತೆ, ಜೋಪಾನವಾಗಿ.
ಅದನ್ನೇ ದಯೆ ಎಂದುಕೊಂಡಿದ್ದೆ.

ನಿವೃತ್ತಿಯಾದ ವರ್ಷ ಸುದ್ದಿ ಬಂತು:
ನಮ್ಮ ಬೀದಿ ಕೊನೆಯ ಹಳೇ ಹಾಸ್ಟೆಲ್ಲು
ಮನೆಮಠ ಇಲ್ಲದವರಿಗೆ ಮನೆಗಳಾಗುತ್ತದಂತೆ.
ತಕರಾರು ಅರ್ಜಿಗೆ ನಾನೂ ಸಹಿ ಹಾಕಿದೆ,
ಏಳನೆಯದು, ದುಂಡನೆಯ ಅಕ್ಷರ.
ಚರ್ಚಿನ ನೆಲಮಾಳಿಗೆಯಲ್ಲಿ ಮಂಗಳವಾರ ಸಭೆ.
ಬೈಯಲೆಂದೇ ಹೋದೆ.

ಅಲ್ಲಿ ನಗರಸಭೆಯ ಹಿಲ್ಕಾ, ಸೂಪು ಬಡಿಸುವ ಹೆಂಗಸರು,
ಒಬ್ಬ ಪೊಲೀಸಿನವ, ಬಾಡಿಗೆ ಮನೆ ಕಂಪನಿಯವ,
ತಾನೇ ಒಂಬತ್ತು ವರ್ಷ ಹೊರಗೆ ಮಲಗಿದ್ದ ಎನ್ಸಿಯೊ.
ಎಲ್ಲರ ಮುಂದೂ ಏಲಕ್ಕಿ ಬನ್ನು, ಆರಿದ ಕಾಫಿ.
ಇಷ್ಟು ವರ್ಷ ಒಬ್ಬರತ್ತ ಒಬ್ಬರು ಕೈ ತೋರಿಸಿ
ಕೈ ತೊಳೆದುಕೊಂಡವರು
ಒಂದೇ ಮೇಜಿಗೆ ಮೊಣಕೈ ಊರಿ ಕೂತಿದ್ದರು.
ಕುಡಿತ ಬಿಡು, ಆಮೇಲೆ ಮನೆ ಎನ್ನುತ್ತಿದ್ದವರು
ಮೊದಲು ಮನೆ, ಮಿಕ್ಕ ಮಾತು ಒಳಗೆ ಕೂತು ಎನ್ನುತ್ತಿದ್ದರು.
ಜಗಳವೂ ಇತ್ತು. ಒಡೆದ ಕಿಟಕಿಯ ಖರ್ಚು ಯಾರ ಲೆಕ್ಕಕ್ಕೆ
ಎಂಬಲ್ಲಿಗೇ ಮುಕ್ಕಾಲು ಗಂಟೆ ಹೋಯಿತು.

ಹಿಲ್ಕಾ ಪಟ್ಟಿ ಬಿಚ್ಚಿದಳು. ನಲವತ್ತೊಂದು ಹೆಸರು.
‘ತಾಯಿಸ್ತೊ ಕ್ಯಾರ್ನ್ಯಾ. ಮರದ ಗಿರಣಿಯಲ್ಲಿದ್ದ.
ಮೂರು ವರ್ಷದ ಹಿಂದೆ ಮನೆ ಮಂಜೂರಾಗಿತ್ತು,
ಕಾಗದ ಹಾಕಿದೆವು, ಹದಿನಾಲ್ಕು ದಿನ ಕಾದೆವು,
ಉತ್ತರವಿಲ್ಲ, ರದ್ದು.’
‘ಅವನು ಹದಿನಾಲ್ಕನೇ ನಂಬರಿನ ಮೆಟ್ಟಿಲಡಿ ಇದ್ದನಲ್ಲ,’
ಅಂದ ಎನ್ಸಿಯೊ, ‘ಬೂಟಿಗೆ ವೈರು ಕಟ್ಟಿಕೊಂಡು.’

ಬನ್ನು ಗಂಟಲಲ್ಲೇ ನಿಂತಿತು.
ಆ ಹೆಸರು ನನಗೆ ಗೊತ್ತಿತ್ತು:
ವಿಳಾಸದಾರರು ಇಲ್ಲ ಎಂದು ಮೊಹರು ಬಡಿದು
ಹಿಂದಕ್ಕೆ ಕಳಿಸಿದ ಲಕೋಟೆಗಳ ಮೇಲಿನ ಹೆಸರು.
ಮನೆ ಬಂದಿದೆ ಎಂಬ ಕಾಗದ ನನ್ನ ಚೀಲದಲ್ಲಿ,
ಕಾಲು ನೆಲದ ಮೇಲೆ,
ನಡುವೆ ನನ್ನದೊಂದು ಹೆಜ್ಜೆ.
ದಾಟಿದ್ದೆ.

ಸರ್ಕಾರದ ಬಳಿ ಹೆಸರಿತ್ತು, ಬೀದಿಯ ಬಳಿ ಕಾಲು.
ಎರಡೂ ಒಬ್ಬನದೇ ಎನ್ನಲು ಒಂದು ಬಾಯಿ ಇರಲಿಲ್ಲ.

ಹಾಕಿದ ಸಹಿ ವಾಪಸು ಪಡೆಯಲು ಫಾರಮ್ಮು ಇಲ್ಲವಂತೆ.
ಸರಿ, ಬೀದಿಗಳು ಗೊತ್ತು ಎಂದೆ. ಪಟ್ಟಿ ಕೊಟ್ಟರು.

ನವೆಂಬರಿನಲ್ಲಿ ಸಿಕ್ಕ, ರೈಲು ನಿಲ್ದಾಣದ ಹಿಂದೆ.
ಬೀಗದ ಕೈ ನೀಡಿದರೆ ಮುಟ್ಟಲಿಲ್ಲ.
ಕೈ ಕೊಟ್ಟವರನ್ನು ಬಹಳ ಮಂದಿಯನ್ನು ಕಂಡವನು.
ಮೇಜಿನ ಮೇಲಿಡಿ ಎಂದ. ಇಟ್ಟೆವು.
ಅರ್ಧ ಗಂಟೆ ಅದನ್ನೇ ನೋಡಿ
ಗಿರಣಿ ಉಳಿಸಿದ ಮೂರು ಬೆರಳಲ್ಲಿ ಎತ್ತಿಕೊಂಡ.
ಮೊದಲ ತಿಂಗಳೆಲ್ಲ ಬೂಟು ಬಿಚ್ಚದೆ ಮಲಗಿದನಂತೆ.
ಒಮ್ಮೆ ಕುಡಿದು ಕಿಟಕಿ ಒಡೆದ. ಮನೆ ಹೋಗಲಿಲ್ಲ,
ಗಾಜು ಬಂತು.

ಕೆಳಗೆ ಹೆಸರಿನ ಹಲಗೆ. ಕ್ಯಾರ್ನ್ಯಾ ಎನ್ನಲು
ತಲೆಗೆರಡು ಚುಕ್ಕೆಯಿಟ್ಟ ಅಕ್ಷರ ಎರಡು ಬೇಕು.
ಡಬ್ಬಿಯಲ್ಲಿ ಮುಗಿದಿದ್ದವು. ಬೋಳು ಅಕ್ಷರವನ್ನೇ ಕೂರಿಸಿದ್ದರು.

ಫೆಬ್ರವರಿಯಲ್ಲಿ ಹೊಸ ಅಂಚೆ ಹುಡುಗನನ್ನು ಕಾಡಿಬೇಡಿ
ಒಂದು ಲಕೋಟೆ ಕಸಿದುಕೊಂಡೆ, ನಿಯಮಕ್ಕೆ ವಿರುದ್ಧ.
ಕರೆಂಟ್ ಬಿಲ್ಲು, ಹನ್ನೆರಡು ಯೂರೋ ಚಿಲ್ಲರೆ.
ತಗಡೆತ್ತಿ ಒಳಗೆ ಬಿಟ್ಟು
ಇಡೀ ಸೇವೆಯಲ್ಲಿ ಎಂದೂ ಮಾಡದ್ದು ಮಾಡಿದೆ:
ನಿಂತೆ.
ಒಳಗೆ ಹೆಜ್ಜೆ ಸದ್ದು. ಬರಿಗಾಲಿನದು.

ಇಳಿದು ಬರುವಾಗ ಹಲಗೆ ನೋಡಿದೆ.
ಬೋಳು ಅಕ್ಷರಗಳ ಮೇಲೆ ಪೆನ್ನಿನಲ್ಲಿಟ್ಟ ನಾಲ್ಕು ಚುಕ್ಕೆ,
ಸೊಟ್ಟ.

ಪಟ್ಟಿಯಲ್ಲಿನ್ನೂ ಮೂವತ್ತೆಂಟು ಇವೆ.
ಹೊಡೆದುಹಾಕಿದ್ದ ಒಂದು ಹೆಸರು ಮೊನ್ನೆ ಮರಳಿ ಬಂದಿದೆ.
ಮಂಗಳವಾರ ಬನ್ನು ತರುವ ಸರದಿ ನನ್ನದು.